ಬೇಸಿಗೆ ಮುಗಿಯುವ ವಾರಗಳಿಗೆ ಜಪಾನಿ ಹಾಡುಗಳು: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಮೈಸೂರಿನವಳು. ಆಗಸ್ಟ್ ಮೂರನೇ ವಾರ ಕೆಲಸದ ಮೇಲೆ ನಗೋಯಾಗೆ ಹೋಗುತ್ತಿದ್ದೇನೆ. ಜಪಾನಿ ಭಾಷೆ ಸ್ವಲ್ಪ ಕಲಿತಿದ್ದೇನೆ, ಆದರೆ ಹಾಡು ಅಂದರೆ ಅನಿಮೆಯಲ್ಲಿ ಕೇಳಿದ್ದಷ್ಟೇ. ಅಲ್ಲಿನ ಸಹೋದ್ಯೋಗಿಯೊಬ್ಬರು "ನೀವು ಬರುವುದು ಬೇಸಿಗೆ ಮುಗಿಯುವ ಹೊತ್ತಿಗೆ, ಅದಕ್ಕೆಂದೇ ನಮ್ಮಲ್ಲಿ ಹಾಡುಗಳಿವೆ" ಅಂದರು. ಹುಡುಕಿದರೆ ರಾಶಿ ಹಾಡು ಸಿಗುತ್ತವೆ, ಎಲ್ಲವೂ ಒಂದೇ ಥರ ಕೇಳಿಸುತ್ತವೆ. ಯಾವುದರಿಂದ ಶುರು ಮಾಡಲಿ? ಕರಾವೋಕೆಗೆ ಕರೆದರೆ ಒಂದನ್ನಾದರೂ ಹಾಡುವ ಹಾಗಿರಬೇಕು. ಕೆಲವು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೇನೆ.

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ನಿಜ. ಜಪಾನಿನಲ್ಲಿ ಬೇಸಿಗೆಗೆ ಬೇರೆ ಹಾಡು, ಬೇಸಿಗೆ ಮುಗಿಯುವುದಕ್ಕೆ ಬೇರೆ ಹಾಡು. ಮೊದಲನೆಯ ಬಗೆ ಸಮುದ್ರ, ಬಿಸಿಲು, ಗಲಾಟೆ. ಟ್ಯೂಬ್ ಅನ್ನುವ ಬ್ಯಾಂಡ್ ಹೆಸರು ಮಾಡಿದ್ದೇ ಅಂಥ ಹಾಡುಗಳಿಂದ. ನೀವು ಹೋಗಿ ಇಳಿಯುವ ಹೊತ್ತಿಗೆ ಅವುಗಳ ಸರದಿ ಮುಗಿಯುತ್ತಾ ಬಂದಿರುತ್ತದೆ. ನಿಮಗೆ ಬೇಕಾದದ್ದು ಎರಡನೆಯ ಬಗೆ. ನನ್ನನ್ನು ಕೇಳಿದರೆ, ಜಪಾನಿ ಪಾಪ್‌ನ ಅತಿ ಒಳ್ಳೆಯ ಸಾಹಿತ್ಯ ಇರುವುದು ಈ ಹಾಡುಗಳಲ್ಲೇ.

ಹಾಡು ಕೇಳುವ ಮೊದಲು ಒಂದು ತಾರೀಖು ನೆನಪಿಟ್ಟುಕೊಳ್ಳಿ: ಆಗಸ್ಟ್ 31. ಅಲ್ಲಿ ಬಹಳ ಕಡೆ ಶಾಲೆಗೆ ಜುಲೈ 20ರ ಸುಮಾರಿಗೆ ರಜೆ ಶುರುವಾಗಿ, ಆಗಸ್ಟ್ 31ಕ್ಕೆ ಮುಗಿಯುವುದು ವಾಡಿಕೆ. ಹೊಕ್ಕಾಯ್ದೋ ಮತ್ತು ಉತ್ತರದ ಕಡೆ ಇನ್ನೂ ಬೇಗ ಮುಗಿಯುತ್ತದೆ. ನಡುವೆ ಆಗಸ್ಟ್ 13ರಿಂದ 16ರವರೆಗೆ ಓಬೋನ್. ತೀರಿಹೋದ ಹಿರಿಯರು ಮನೆಗೆ ಬಂದು ಹೋಗುವ ದಿನಗಳು ಅನ್ನುವ ನಂಬಿಕೆ. ಪಟ್ಟಣದಲ್ಲಿ ಇರುವವರೆಲ್ಲ ಊರಿಗೆ ಹೋಗುತ್ತಾರೆ. ಊರೂರಿನಲ್ಲಿ ನಡೆಯುವ ಬಾಣಬಿರುಸಿನ ಜಾತ್ರೆಗಳೂ ಬಹುಪಾಲು ಜುಲೈ, ಆಗಸ್ಟ್‌ನಲ್ಲೇ. ಓಬೋನ್ ಕಳೆದ ಮೇಲೆ ಒಂದೊಂದೇ ಮುಗಿಯುತ್ತಾ ಬರುತ್ತವೆ. ಸೆಪ್ಟೆಂಬರ್ 1ಕ್ಕೆ ಮಕ್ಕಳು ಮತ್ತೆ ಶಾಲೆಗೆ. ಅಲ್ಲಿ ಬೆಳೆದ ಯಾರಿಗೇ ಆದರೂ ಈ ಲೆಕ್ಕ ಮೈಗೆ ಹತ್ತಿರುತ್ತದೆ, ವಯಸ್ಸು ಐವತ್ತಾದರೂ ಹೋಗುವುದಿಲ್ಲ.

ನಮಗೆ ಇಲ್ಲೊಂದು ತೊಡಕು ಇದೆ. ನಮ್ಮ ಬೇಸಿಗೆ ಅಂದರೆ ಏಪ್ರಿಲ್, ಮೇ. ಆಗಸ್ಟ್ ಅಂದರೆ ಶ್ರಾವಣ, ಮಳೆ, ಹಬ್ಬ. ಬೇಸಿಗೆ ಹೋಯಿತಲ್ಲ ಅಂತ ನಮ್ಮಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮೊದಲ ಮಳೆಗೆ ಖುಷಿಯೇ ಆಗುತ್ತದೆ. ಹಾಗಾಗಿ ಈ ಹಾಡುಗಳಲ್ಲಿ 'ನತ್ಸು', ಅಂದರೆ ಬೇಸಿಗೆ, ಅಂತ ಬಂದಾಗ ನಮ್ಮ ಬಿಸಿಲನ್ನು ನೆನೆಸಿಕೊಂಡರೆ ಹಾಡು ಒಳಗೆ ಇಳಿಯುವುದಿಲ್ಲ. ಅದರ ಬದಲು ಮೇ ತಿಂಗಳ ಕೊನೆಯಲ್ಲಿ ಅಜ್ಜಿ ಮನೆಯಿಂದ ಬಸ್ಸು ಹತ್ತುತ್ತಿದ್ದ ದಿನವನ್ನು ನೆನೆಸಿಕೊಳ್ಳಿ. ಆಟ ಇನ್ನೂ ಬಾಕಿ, ದಿನ ಮಾತ್ರ ಮುಗಿಯಿತು. ಈ ಹಾಡುಗಳು ಹುಟ್ಟುವುದು ಆ ಭಾವದಿಂದ. ಪ್ರೀತಿ, ವಿರಹ ಎಲ್ಲ ಅದರ ಮೇಲೆ ಆಮೇಲೆ ಬಂದು ಕೂರುತ್ತವೆ.

ಶುರು ಮಾಡಲು ನಾನು ಒಂದೇ ಹಾಡು ಹೇಳುತ್ತೇನೆ. ಫುಜಿಫ್ಯಾಬ್ರಿಕ್ ಬ್ಯಾಂಡ್‌ನ 'ವಕಮೊನೊ ನೊ ಸುಬೆತೆ', 2007ರದು. ಬರೆದು, ರಾಗ ಹಾಕಿ, ಹಾಡಿದವರು ಶಿಮುರಾ ಮಸಾಹಿಕೊ. ಪಿಯಾನೋದಿಂದ ಶುರುವಾಗುತ್ತದೆ. ಟಿವಿಯಲ್ಲಿ ಹವಾಮಾನ ಹೇಳುವವರು 'ಕಡು ಬೇಸಿಗೆ ದಾಟಿತು' ಅಂದರಂತೆ, ಆದರೂ ಊರು ಇನ್ನೂ ನೆಲೆ ನಿಂತಿಲ್ಲ. ಇಷ್ಟು ಸಾದಾ ಮಾತಿನಿಂದ ಹಾಡು ಹೊರಡುತ್ತದೆ. ಸಂಜೆ ಐದಕ್ಕೆ ಊರಿನ ಧ್ವನಿವರ್ಧಕದಲ್ಲಿ ಹಾಕುವ ಚೈಮ್ ಕೇಳಿಸುತ್ತದೆ. ಬೀದಿ ದೀಪಗಳು ಹತ್ತಿಕೊಳ್ಳುತ್ತವೆ. ಈ ವರ್ಷದ ಕೊನೆಯ ಬಾಣಬಿರುಸು ಇವತ್ತು. ಅವಳು ಬಂದಿರಬಹುದಾ? ಇರಲಿಕ್ಕಿಲ್ಲ. ಹೌದು, ಇರಲಿಕ್ಕಿಲ್ಲ ಬಿಡು. ಪಲ್ಲವಿ ಅಷ್ಟೇ. ತನ್ನಷ್ಟಕ್ಕೆ ತಾನು ಕೇಳಿಕೊಂಡು, ತಾನೇ ಉತ್ತರ ಹೇಳಿಕೊಂಡು ನಡೆಯುವವನ ಮಾತು.

ಈ ಪಲ್ಲವಿಯನ್ನು ಕೊನೆಯವರೆಗೂ ಗಮನವಿಟ್ಟು ಕೇಳಿ. ಧಾಟಿ ಬದಲಾಗುವುದಿಲ್ಲ, ತಾಳವೂ ಅದೇ ಹೆಜ್ಜೆಯಲ್ಲಿ ಹೋಗುತ್ತದೆ. ಆದರೆ ಕೊನೆಯ ಸಲ ಮಾತು ಬದಲಾಗುತ್ತದೆ. ಅವಳು ನಿಜವಾಗಿ ಎದುರಿಗೆ ಸಿಕ್ಕಿದ್ದಾಳೆ! ಈಗ ಏನು ಮಾತಾಡಬೇಕು ಅಂತ ಅವನಿಗೆ ತೋಚುತ್ತಿಲ್ಲ. ಬೇರೆಯವರಾದರೆ ಇಲ್ಲಿ ಶ್ರುತಿ ಏರಿಸಿ, ವಯೋಲಿನ್ ಗುಂಪನ್ನು ತಂದು, ಕಣ್ಣೀರು ಹಾಕಿಸಿಬಿಡುತ್ತಿದ್ದರು. ಶಿಮುರಾ ಹಾಗೆ ಮಾಡಲಿಲ್ಲ. ಗಮನ ಕೊಡದಿದ್ದರೆ ಏನೂ ಆಗಲೇ ಇಲ್ಲ ಅನ್ನಿಸುವಷ್ಟು ಮೆಲ್ಲಗೆ ಆ ಘಟನೆ ನಡೆದುಹೋಗುತ್ತದೆ. ಕಡೆಗೆ ಬಾಣಬಿರುಸು ಮುಗಿದ ಮೇಲೆ ನಾವು ಬದಲಾಗುತ್ತೇವಾ ಅನ್ನುವ ಪ್ರಶ್ನೆ, ಒಂದೇ ಆಕಾಶ ನೋಡುತ್ತಾ ನಿಂತಿರುವ ಇಬ್ಬರು. ನಿಮ್ಮ ಜಪಾನಿ ಭಾಷೆಗೆ ಇದು ತೀರಾ ಕಷ್ಟದ ಹಾಡಲ್ಲ. ಸಾಹಿತ್ಯ ಎದುರಿಗೆ ಇಟ್ಟುಕೊಂಡು ಕೇಳಿದರೆ ಮುಕ್ಕಾಲು ಪಾಲು ಹಿಡಿತಕ್ಕೆ ಬರುತ್ತದೆ.

ಶಿಮುರಾ 2009ರ ಡಿಸೆಂಬರ್ 24ರಂದು ತೀರಿಕೊಂಡರು. ಆಗ ಅವರಿಗೆ 29 ವರ್ಷ. ಹಾಡು ಬಿಡುಗಡೆಯಾದದ್ದು ನವೆಂಬರ್‌ನಲ್ಲಿ, ಅಂದರೆ ಋತು ತಪ್ಪಿ. ಆದರೂ ವರ್ಷದಿಂದ ವರ್ಷಕ್ಕೆ ಕೇಳುಗರು ಜಾಸ್ತಿಯಾದರು, ದೊಡ್ಡ ಗಾಯಕರು ಮತ್ತೆ ಹಾಡಿದರು, 2022ರಲ್ಲಿ ಹೈಸ್ಕೂಲಿನ ಸಂಗೀತ ಪಠ್ಯಕ್ಕೂ ಸೇರಿತು. ಶಿಮುರಾ ಅವರ ಊರು ಫುಜಿ ಬೆಟ್ಟದ ಬುಡದಲ್ಲಿರುವ ಫುಜಿಯೋಶಿದಾ. ಅಲ್ಲಿ ಕೆಲವು ದಿನಗಳಲ್ಲಿ ಊರಿಗೆಲ್ಲ ಕೇಳುವ ಸಂಜೆಯ ಚೈಮ್‌ಗೆ ಇದೇ ಧಾಟಿ ಹಾಕುತ್ತಾರೆ. ಅದೇ ಊರಿನ ಶಿಮೊಯೋಶಿದಾ ಸ್ಟೇಷನ್‌ನಲ್ಲಿ ರೈಲು ಬರುವ ಸೂಚನೆಗೂ ಈ ಧಾಟಿ ಇದೆ. ಹಾಡಿನೊಳಗೆ ಚೈಮ್ ಕೇಳಿಸಿಕೊಂಡಿದ್ದ ಹುಡುಗನ ಹಾಡೇ ಅವನ ಊರಿನ ಚೈಮ್ ಆಯಿತು. ನಗೋಯಾದಿಂದ ಒಂದು ವಾರಾಂತ್ಯ ಬಿಡುವು ಮಾಡಿಕೊಂಡರೆ ಹೋಗಿ ಬರಬಹುದು.

ಈ ಐದು ಗಂಟೆಯ ಚೈಮ್ ಬಗ್ಗೆ ನಿಮಗೆ ಇನ್ನೂ ಒಂದು ಮಾತು ಹೇಳಬೇಕು, ಸಂಗೀತ ಕಲಿತವರು ಅಂದಿರಲ್ಲ. ಜಪಾನಿನ ಎಷ್ಟೋ ಊರುಗಳಲ್ಲಿ ಸಂಜೆ ಕಂಬದ ಮೇಲಿನ ಧ್ವನಿವರ್ಧಕಗಳಲ್ಲಿ ಒಂದು ಧಾಟಿ ಹಾಕುತ್ತಾರೆ. ಭೂಕಂಪ, ಪ್ರವಾಹದ ಎಚ್ಚರಿಕೆ ಕೊಡಲು ಇಟ್ಟಿರುವ ವ್ಯವಸ್ಥೆ ಅದು. ದಿನವೂ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷೆಯೂ ಆಯಿತು, ಮಕ್ಕಳಿಗೆ ಮನೆಗೆ ಹೋಗುವ ಹೊತ್ತೂ ತಿಳಿಯಿತು. ಬಹಳ ಕಡೆ ಹಾಕುವುದು 'ಯೂಯಾಕೆ ಕೊಯಾಕೆ' ಅನ್ನುವ ಮಕ್ಕಳ ಹಾಡು, 1923ರದು. ಸ್ವರ ಹಿಡಿದು ನೋಡಿ: ಸ ರಿ ಗ ಪ ದ, ಅಷ್ಟೇ. ನಮ್ಮ ಮೋಹನದ ಸ್ವರಗಳು! ನಾಲ್ಕನೆಯ, ಏಳನೆಯ ಸ್ವರ ಬಿಟ್ಟ ಈ ಸಾಲನ್ನು ಅವರು 'ಯೊನಾನುಕಿ' ಅನ್ನುತ್ತಾರೆ. ಶರತ್ಕಾಲಕ್ಕೆ ಅಂತ ಎಲ್ಲರಿಗೂ ಗೊತ್ತಿರುವ 'ಅಕಾತೊಂಬೊ', ಅಂದರೆ ಕೆಂಪು ಏರೋಪ್ಲೇನ್ ಚಿಟ್ಟೆಯ ಹಾಡು, ಅದೂ ಇದೇ ಸಾಲಿನದು. ಮಿಕಿ ರೊಫೂ 1921ರಲ್ಲಿ ಬರೆದ ಪದ್ಯಕ್ಕೆ ಯಮಾದಾ ಕೊಸಾಕು 1927ರಲ್ಲಿ ರಾಗ ಹಾಕಿದರು. ಇವು ಪಾಪ್ ಅಲ್ಲ, ನಿಜ. ಆದರೆ ಅಲ್ಲಿನ ಪಾಪ್ ಬರೆದವರೆಲ್ಲ ಇದನ್ನು ಕೇಳುತ್ತಾ ಆಟದ ಬಯಲಿನಿಂದ ಮನೆಗೆ ಹೋದವರು. ಒಂದು ಸಲ ಮೋಹನದ ಕಿವಿಯಿಂದ 'ಅಕಾತೊಂಬೊ' ಕೇಳಿಕೊಂಡು ಹೋಗಿ. ಪರದೇಶದ ಮೊದಲ ಸಂಜೆ ಅಷ್ಟು ಪರಕೀಯ ಅನ್ನಿಸುವುದಿಲ್ಲ.

'ಎಲ್ಲವೂ ಒಂದೇ ಥರ ಕೇಳಿಸುತ್ತವೆ' ಅಂದಿರಿ. ಅದಕ್ಕೂ ಕಾರಣ ಇದೆ, ನಿಮ್ಮ ಕಿವಿಯ ತಪ್ಪಲ್ಲ. ಜಪಾನಿ ಪಾಪ್‌ನಲ್ಲಿ ಒಂದು ಕಾರ್ಡ್ ಸಾಲು, ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಗುಚ್ಛಗಳ ಸಾಲು, ಪದೇ ಪದೇ ಬರುತ್ತದೆ. ಸಂಗೀತಗಾರರು ಅದನ್ನು 'ಓದೋ ಶಿಂಕೋ', ರಾಜಮಾರ್ಗ ಅಂತಲೇ ಕರೆಯುತ್ತಾರೆ. ನಮ್ಮ ಸ್ವರದಲ್ಲಿ ಹೇಳುವುದಾದರೆ ಕಾರ್ಡ್‌ಗಳ ಬುಡ ಮ, ಪ, ಗ, ದ. ಮೊದಲ ಎರಡು ಮೇಜರ್, ಬೆಳಕಾಗಿವೆ. ಪ ಬಂದ ಮೇಲೆ ಕಿವಿ ಷಡ್ಜವನ್ನು ಕಾಯುತ್ತದೆ. ಅದು ಬರುವುದಿಲ್ಲ. ಬದಲಿಗೆ ಗಾಂಧಾರದ ಮೈನರ್, ಅಲ್ಲಿಂದ ಧೈವತದ ಮೈನರ್. ಖುಷಿಯಲ್ಲಿ ಹೊರಟ ಸಾಲು ಮುಗಿಯುವಾಗ ಮಂಕಾಗಿರುತ್ತದೆ. ಬೇಸಿಗೆ ಮುಗಿಯುವ ಹಾಡಿಗೆ ಇದು ಎಷ್ಟು ಒಪ್ಪುತ್ತದೆ ಅಂದರೆ, ಬರೆಯುವವರಿಗೆ ಕೈ ಅಲ್ಲಿಗೇ ಹೋಗುತ್ತದೆ. ಹಾಗಾಗಿ ರಾಶಿ ಹಾಡನ್ನು ಸುಮ್ನೆ ಒಂದರ ಹಿಂದೆ ಒಂದು ಕೇಳಬೇಡಿ. ವಾರಕ್ಕೆ ಎರಡು, ಮೂರು ಸಾಕು. ಆಯಾ ವಾರಕ್ಕೆ ತಕ್ಕದ್ದನ್ನು ಕೇಳಿ.

ಆಗಸ್ಟ್ ಕೊನೆಯ ವಾರಕ್ಕೆ ಜ಼ೋನ್ ತಂಡದ 'ಸೀಕ್ರೆಟ್ ಬೇಸ್' ಇರಲಿ. ನೀವು ಅನಿಮೆ ನೋಡುವವರಾದರೆ ಇದು ಆಗಲೇ ಕೇಳಿರಬಹುದು, 2011ರ 'ಅನೊಹಾನಾ'ದ ಕೊನೆಯ ಹಾಡಾಗಿ ಮೂವರು ಧ್ವನಿ ನಟಿಯರು ಹಾಡಿದ್ದಾರೆ. ಮೂಲ 2001ರ ಆಗಸ್ಟ್‌ನದು. ಹಾಡಿದವರು ಹೊಕ್ಕಾಯ್ದೋದ ಸಪ್ಪೊರೊದಿಂದ ಬಂದ ನಾಲ್ವರು ಹದಿಹರೆಯದ ಹುಡುಗಿಯರು. ಬೇಸಿಗೆ ಕೊನೆಗೆ ಅಗಲುತ್ತಿರುವ ಗೆಳೆತನದ ಹಾಡು. ಮನೆಗೆ ಹೋಗುವ ದಾರಿಯ ಕೂಡುರಸ್ತೆಯಲ್ಲಿ ಒಬ್ಬರು 'ಬಾ, ಒಟ್ಟಿಗೆ ಹೋಗೋಣ' ಅನ್ನುತ್ತಾರೆ. ಇನ್ನೊಬ್ಬರಿಗೆ ನಾಚಿಕೆಯಾಗಿ ಶಾಲೆಯ ಬ್ಯಾಗನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಆ ಬ್ಯಾಗೊಂದು ಸಾಕು, ಇಡೀ ಹಾಡು ನಿಜ ಅನ್ನಿಸಲು. ಹತ್ತು ವರ್ಷ ಬಿಟ್ಟು ಇದೇ ಆಗಸ್ಟ್‌ನಲ್ಲಿ ಮತ್ತೆ ಸಿಗೋಣ ಅನ್ನುವುದು ಪಲ್ಲವಿ. ತಂಡ ನಡುವೆ ಒಡೆದುಹೋಯಿತು. ಆದರೂ ಹಾಡಿನಲ್ಲಿ ಹೇಳಿದ ಆ ಆಗಸ್ಟ್ ಬಂದಾಗ, 2011ರಲ್ಲಿ, ಜ಼ೋನ್ ಮತ್ತೆ ವೇದಿಕೆ ಹತ್ತಿತು. ಮಕ್ಕಳ ಮಾತು ಅಂತ ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಈ ಹಾಡಿನ ಮೇಲೆ ಜಪಾನಿನವರಿಗೆ ಇಷ್ಟು ಅಕ್ಕರೆ ಇರುವುದಕ್ಕೆ ಅದೂ ಒಂದು ಕಾರಣ.

ಇದೇ ವಾರಕ್ಕೆ ಹಿರಿಯರ ಮೂರು ಹಾಡು ಸೇರಿಸಿಕೊಳ್ಳಿ. ಇನೊಉಎ ಯೋಸುಯಿ ಅವರ 'ಶೋನೆನ್ ಜಿದಾಯ್', 1990. ಅದೇ ಹೆಸರಿನ ಚಿತ್ರಕ್ಕೆ ಬರೆದದ್ದು. ಯುದ್ಧದ ಕಾಲದಲ್ಲಿ ಟೋಕಿಯೋದಿಂದ ತೊಯಾಮಾದ ಹಳ್ಳಿಗೆ ಕಳಿಸಲಾದ ಹುಡುಗನ ಕಥೆ ಅದು. ಹಾಡಿನಲ್ಲಿ ಯುದ್ಧದ ಮಾತೇ ಇಲ್ಲ. ಬೇಸಿಗೆ ಕಳೆಯಿತು, ಹಬ್ಬದ ರಾತ್ರಿ ಕಳೆಯಿತು, ಕನಸು ಉಳಿಯಿತು, ಅಷ್ಟೇ. ಅದೇ ಯೋಸುಯಿ ಮತ್ತು ಆನ್‌ಜೆನ್ ಚಿತಾಯ್ ತಂಡದ ತಮಾಕಿ ಕೋಜಿ ಸೇರಿ 1986ರ ಆಗಸ್ಟ್‌ನಲ್ಲಿ ಟೋಕಿಯೋದ ಜಿಂಗೂ ಬೇಸ್‌ಬಾಲ್ ಮೈದಾನದಲ್ಲಿ ಕಛೇರಿ ಮಾಡಿದರು. ಆ ಕೂಟದ ಹಾಡು 'ನತ್ಸು ನೊ ಓವಾರಿ ನೊ ಹಾರ್ಮೊನಿ'. ಎರಡು ಬೇರೆ ಬೇರೆ ಗುಣದ ಗಂಡು ದನಿಗಳು. ಯೋಸುಯಿ ಅವರದು ಹೊಳಪಿನ ದನಿ, ತಮಾಕಿ ಅವರದು ಉಸಿರು ಜಾಸ್ತಿ ಇರುವ ದನಿ. ಇಬ್ಬರೂ ಒಟ್ಟಿಗೆ ಹಿಡಿಯುವ ಸಾಲುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೂರನೆಯದು ಯಮಾಶಿತಾ ತತ್ಸುರೊ ಅವರ 'ಸಯೊನಾರ ನತ್ಸು ನೊ ಹಿ', 1991. ಸಂಜೆ ಮಳೆಗೆ ಸಿಕ್ಕ ಈಜುಕೊಳ, ಮಳೆ ನಿಂತ ಮೇಲೆ ಕಾಮನಬಿಲ್ಲು. ಮಳೆಯಲ್ಲಿ ನೆನೆಯುತ್ತಾ ನಾವು ದೊಡ್ಡವರಾಗುತ್ತಿದ್ದೇವೆ ಅನ್ನುವ ಮಾತು ಬಂದಾಗ, ಅದು ಪ್ರೇಮಗೀತೆ ಅನ್ನುವುದೇ ಮರೆತುಹೋಗುತ್ತದೆ.

ಈಗ ಸೆಪ್ಟೆಂಬರ್. ಈ ತಿಂಗಳಿಗೆ ನಾನು ಮತ್ಸುಮೊತೊ ತಕಾಶಿ ಅನ್ನುವ ಗೀತರಚನಕಾರರ ಹೆಸರು ಹೇಳದೆ ಮುಂದೆ ಹೋಗಲಾರೆ. ಹಾಪ್ಪಿ ಎಂದೋ ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು, ಆಮೇಲೆ ಪೂರ್ತಿ ಬರವಣಿಗೆಗೆ ತಿರುಗಿದರು. ಇದೇ ತಿಂಗಳ ಮೇಲೆ ಅವರು ಎರಡು ಹಾಡು ಬರೆದಿದ್ದಾರೆ, ಎರಡು ವರ್ಷದ ಅಂತರದಲ್ಲಿ. ಎರಡರಲ್ಲೂ ಒಬ್ಬ ಹುಡುಗಿ, ಕೈ ಜಾರುತ್ತಿರುವ ಹುಡುಗ, ಓಡುತ್ತಿರುವ ವಾಹನ. ಆದರೂ ಎರಡೂ ಬೇರೆ ಲೋಕ.

ಮೊದಲನೆಯದು 1977ರ 'ಕುಗತ್ಸು ನೊ ಅಮೆ', ಸೆಪ್ಟೆಂಬರ್ ಮಳೆ. ಹಾಡಿದವರು ಓತಾ ಹಿರೋಮಿ, ರಾಗ ತ್ಸುತ್ಸುಮಿ ಕ್ಯೋಹೆಯ್ ಅವರದು. ಮಳೆ ಸುರಿಯುತ್ತಿದೆ. ಅವಳು ಟ್ಯಾಕ್ಸಿಯಲ್ಲಿ ಕೂತು ತುಟಿ ಕಚ್ಚಿಕೊಂಡು ಅವನ ವಿಳಾಸ ಹೇಳುತ್ತಾಳೆ. ವೈಪರ್ ಆಚೆ ಊರಿನ ದೀಪಗಳು ಸುಳಿಯುತ್ತವೆ. ಸ್ವಲ್ಪ ಮುಂಚೆ ಫೋನ್‌ನಲ್ಲಿ ಮಾತಾಡುವಾಗ ನಿನ್ನ ಭುಜದ ಹತ್ತಿರ ನಕ್ಕಳಲ್ಲ, ಅವಳು ಯಾರು? ಆ ಒಂದು ಪ್ರಶ್ನೆಯಲ್ಲಿ ಎಷ್ಟೊಂದು ಅಡಗಿದೆ ನೋಡಿ. ನಗು ಕೇಳಿಸಿದೆ, ಎಷ್ಟು ಹತ್ತಿರದಿಂದ ಬಂತು ಅನ್ನುವುದೂ ಕೇಳಿಸಿದೆ. ನಗೋಯಾದಲ್ಲಿ ಸೆಪ್ಟೆಂಬರ್‌ನಲ್ಲಿ ತೂಫಾನಿನ ಮಳೆ ಬಂದೇ ಬರುತ್ತದೆ. ಆ ರಾತ್ರಿಗೆ ಇದನ್ನು ಎತ್ತಿಟ್ಟುಕೊಳ್ಳಿ.

ಎರಡನೆಯದು ತಕೆಉಚಿ ಮಾರಿಯಾ ಅವರ 'ಸೆಪ್ಟೆಂಬರ್', 1979ರ ಆಗಸ್ಟ್ 21ರಂದು ಬಂದದ್ದು. ರಾಗ ಹಾಯಾಶಿ ತೆತ್ಸುಜಿ. ಈಚಿನ ವರ್ಷಗಳಲ್ಲಿ ಸಿಟಿ ಪಾಪ್ ಅನ್ನುವ ನಗರ ಶೈಲಿಯ ಹಳೆಯ ಜಪಾನಿ ಸಂಗೀತ ಪ್ರಪಂಚಕ್ಕೆಲ್ಲ ಹಬ್ಬಿದೆಯಲ್ಲ, ಮಾರಿಯಾ ಅವರ ಹೆಸರು ಹಾಗೆ ನಿಮಗೆ ಗೊತ್ತಿರಬಹುದು. ಈ ಹಾಡು ಕುಣಿಸುವ ಲಯದಲ್ಲಿದೆ. ಹಿಂದಿನ ಕೋರಸ್‌ನಲ್ಲಿ ಎಪೊ ಅನ್ನುವ ಗಾಯಕಿಯ ದನಿ ಇದೆ, ಹಾಡಿನ ಅರ್ಧ ಹುರುಪು ಅಲ್ಲಿಂದಲೇ ಬರುವುದು. ಕಥೆ ಮಾತ್ರ ನೋವಿನದು. ಸಾಸಿವೆ ಬಣ್ಣದ ಅಂಗಿಯೊಂದನ್ನು ಹಿಂಬಾಲಿಸಿ ಅವಳು ಓಡುವ ರೈಲಿಗೆ ಹತ್ತುತ್ತಾಳೆ. ಅವನು ತಿರುಗಿದರೆ ಅಡಗುತ್ತಾಳೆ. ಅವನು ಹೋಗುತ್ತಿರುವುದು ತನಗಿಂತ ದೊಡ್ಡವಳೊಬ್ಬಳನ್ನು ನೋಡಲು, ಅದು ಅವಳಿಗೆ ಗೊತ್ತು. ಸಾಸಿವೆ ಬಣ್ಣ ಅನ್ನುವುದನ್ನು ಗಮನಿಸಿ. ಅವನು ಆಗಲೇ ಶರತ್ಕಾಲದ ಬಟ್ಟೆಗೆ ಬದಲಾಗಿದ್ದಾನೆ. ಪಲ್ಲವಿ ಹೇಳುವುದೂ ಅದನ್ನೇ: ನೀನು ಶರತ್ಕಾಲವಾಗಿಬಿಟ್ಟೆ ಅಂತ.

ಆಮೇಲೆ ಡಿಕ್ಷನರಿ ಬರುತ್ತದೆ. ಅವನಿಂದ ಎರವಲು ತಂದದ್ದನ್ನು ನಾಳೆ ವಾಪಸ್ ಕೊಡುತ್ತಾಳಂತೆ. 'ಲವ್' ಅನ್ನುವ ಪದವನ್ನು ಮಾತ್ರ ಕತ್ತರಿಸಿ ತೆಗೆದು. ಕೂಗಾಟ ಇಲ್ಲ, ಶಾಪ ಇಲ್ಲ. ಪುಟದಲ್ಲಿ ಒಂದು ಚಿಕ್ಕ ತೂತು. ಅವನು ಅದನ್ನು ಯಾವಾಗ ನೋಡುತ್ತಾನೋ, ನೋಡುತ್ತಾನೋ ಇಲ್ಲವೋ. ವಿರಹದ ಹಾಡು ಎಷ್ಟೋ ಕೇಳಿದ್ದೇನೆ, ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಆಳಕ್ಕೆ ಇಳಿದದ್ದು ಬೆರಳೆಣಿಕೆ. ಇದನ್ನೆಲ್ಲ ಅವಳು ಕುಣಿಯುವ ತಾಳದಲ್ಲಿ, ನಗುಮುಖದ ದನಿಯಲ್ಲಿ ಹಾಡುತ್ತಾಳೆ. ದುಃಖದ ಹಾಡು ನಿಧಾನವಾಗಿಯೇ ಇರಬೇಕಾಗಿಲ್ಲ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಇದೇ ಕಾಲದ ಇನ್ನೂ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ತೊವಾ ಎ ಮೊವಾ ಜೋಡಿಯ 'ದಾರೆಮೊ ಇನಾಯ್ ಉಮಿ', 1970, ಜನ ಖಾಲಿಯಾದ ಸಮುದ್ರ ತೀರದ ಹಾಡು. ಮತ್ಸುದಾ ಸೆಯಿಕೊ ಅವರ 'ಕಜೆ ವಾ ಅಕಿಇರೊ', 1980ರ ಅಕ್ಟೋಬರ್, ತುಂಬ ಹಗುರ, ತುಂಬ ಸಿಹಿ. ಯಮಾಗುಚಿ ಮೊಮೊಎ ಅವರ 'ಕೊಸುಮೊಸು', 1977, ಸದಾ ಮಸಾಶಿ ಬರೆದದ್ದು. ಮದುವೆಯ ಹಿಂದಿನ ದಿನ ಮಗಳು, ಅಂಗಳದಲ್ಲಿ ಕೆಮ್ಮುವ ಅಮ್ಮ, ಹಳೆ ಫೋಟೋ ಆಲ್ಬಮ್. ಈ ಕೊನೆಯದನ್ನು ಸೆಪ್ಟೆಂಬರ್‌ನಲ್ಲಿ ಕೇಳಬೇಡಿ, ಅದಕ್ಕೆ ಚಳಿ ಸ್ವಲ್ಪ ಹತ್ತಿರ ಬಂದಿರಬೇಕು. ಅಮ್ಮನನ್ನು ಬಿಟ್ಟು ದೂರ ಹೋಗಿರುವಾಗ ಮೊದಲ ತಿಂಗಳೇ ಕೇಳುವ ಹಾಡೂ ಅಲ್ಲ ಅದು.

ಆದರೆ ಅರಾಯ್ ಯುಮಿ ಅವರ 'ಬಂಕಾ' ಹತ್ತಿರ ಸ್ವಲ್ಪ ನಿಲ್ಲಲೇಬೇಕು. 1976ರ ಆಲ್ಬಮ್‌ನದು, ಮದುವೆಯಾಗಿ ಮತ್ಸುತೋಯಾ ಯುಮಿ ಆಗುವ ಮೊದಲು ಆ ಹೆಸರಿನಲ್ಲಿ ಮಾಡಿದ ಕಡೆಯ ಆಲ್ಬಮ್. ಇಡೀ ಹಾಡು ಬಣ್ಣ. ಉಳಿದ ಸೆಕೆ ಅಂದರೆ ಸಂಜೆಗೆಂಪನ್ನು ಹೀರಿ ಉರಿಯುವ ಹಗೇತೊ ಗಿಡ. ನಮ್ಮ ಹರಿವೆ ಸೊಪ್ಪಿನ ಜಾತಿಯದೇ ಅದು, ಅಲ್ಲಿ ಎಲೆಯ ಕೆಂಪಿಗಾಗಿ ಅಂಗಳದಲ್ಲಿ ಬೆಳೆಸುತ್ತಾರೆ. ಶರತ್ಕಾಲದ ಗಾಳಿಯ ಅಳುಕು ಅಂದರೆ ಕಾಸ್ಮೋಸ್ ಹೂ. ಆಮೇಲೆ ಒಂದು ನೀಲಿ ಇನ್ನೊಂದು ನೀಲಿಯಾಗುತ್ತದೆ, ಒಂದು ಕೆಂಪು ಇನ್ನೊಂದು ಕೆಂಪಾಗುತ್ತದೆ, ಮುಸ್ಸಂಜೆ ನೇರಳೆಯಾಗುತ್ತದೆ. ಯುಮಿ ಹುಟ್ಟಿ ಬೆಳೆದದ್ದು ಹಾಚಿಯೋಜಿಯಲ್ಲಿ, ಕಿಮೋನೋ ಬಟ್ಟೆ ಅಂಗಡಿಯವರ ಮನೆಯಲ್ಲಿ. ಬಣ್ಣಕ್ಕೆ ಬಣ್ಣ ಹೊಂದಿಸಿ ನೋಡುವ ಕಣ್ಣು ಅಲ್ಲಿಂದಲೇ ಬಂದಿರಬೇಕು ಅನ್ನುವುದು ನನ್ನ ಊಹೆ. ಕೆಲಸ ಬಿಟ್ಟು ಹೊರಗೆ ಬಂದಾಗ ಇನ್ನೂ ಬೆಳಕಿದ್ದರೆ, ಆಕಾಶ ನೋಡುತ್ತಾ ಕೇಳಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಹಾಡುಗಳಲ್ಲಿ ಸೆಪ್ಟೆಂಬರ್ ಅಂದರೆ ತಂಗಾಳಿ. ಈಗಿನ ಸೆಪ್ಟೆಂಬರ್ ಹಾಗಿಲ್ಲ. 2023 ಮತ್ತು 2024ರ ಬೇಸಿಗೆಗಳು 1898ರಲ್ಲಿ ಲೆಕ್ಕ ಇಡಲು ಶುರು ಮಾಡಿದ ಮೇಲೆ ಅಲ್ಲಿಯವರೆಗಿನ ಅತಿ ಬಿಸಿ ಬೇಸಿಗೆಗಳು. ನಗೋಯಾ ಬೇರೆ ಸೆಕೆಗೆ ಹೆಸರಾದ ಊರು. 'ಬಿಸಿಲೂ ಚಳಿಯೂ ಹಿಗಾನ್‌ವರೆಗೆ' ಅಂತ ಅಲ್ಲೊಂದು ಗಾದೆ ಇದೆ. ಹಿಗಾನ್ ಅಂದರೆ ಸೆಪ್ಟೆಂಬರ್ 23ರ ಆಸುಪಾಸಿನ ಒಂದು ವಾರ, ಸಮಾಧಿಗೆ ಹೋಗಿ ಹಿರಿಯರಿಗೆ ಹೂವಿಟ್ಟು ಬರುವ ದಿನಗಳು. ನಮ್ಮ ಪಿತೃಪಕ್ಷವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಗಾದೆ ಈಗ ಸರಿಯಾಗಿ ನಡೆಯುತ್ತಿಲ್ಲ. ಹಾಗಾಗಿ ಬೆವರುತ್ತಾ 'ಬಂಕಾ' ಕೇಳಿ ಏನೂ ಅನ್ನಿಸದಿದ್ದರೆ ಹಾಡನ್ನು ಬಿಟ್ಟುಬಿಡಬೇಡಿ. ಹತ್ತು ದಿನ ತಡೆದು ಮತ್ತೆ ಕೇಳಿ.

ಆ ಸೆಕೆ ಇಳಿದು, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಶುರುವಿನಲ್ಲಿ ಒಂದು ದಿನ ಬೀದಿಯಲ್ಲಿ ಇದ್ದಕ್ಕಿದ್ದ ಹಾಗೆ ಸಿಹಿಯಾದ ಘಮ ಬರುತ್ತದೆ. ಎಲ್ಲಿಂದ ಅಂತ ಹುಡುಕಿದರೆ ಯಾರದೋ ಕಾಂಪೌಂಡಿನ ಒಂದು ಸಾಧಾರಣ ಹಸಿರು ಗಿಡ, ಎಲೆಯ ಸಂದಿಯಲ್ಲಿ ಅಕ್ಕಿ ಕಾಳಿನಂಥ ಕಿತ್ತಳೆ ಹೂ. ಅದು ಕಿನ್‌ಮೊಕುಸೇ. ಅಲ್ಲಿರುವುದು ಹೆಚ್ಚುಕಡಿಮೆ ಎಲ್ಲ ಗಂಡು ಗಿಡಗಳೇ, ಕಡ್ಡಿ ನೆಟ್ಟು ಬೆಳೆಸಿದವು. ಒಂದು ಊರಿನಲ್ಲಿ ಬಹುತೇಕ ಒಟ್ಟಿಗೇ ಅರಳುತ್ತವೆ, ಒಂದು ವಾರ ಘಮಿಸಿ ಉದುರುತ್ತವೆ. ಆ ವಾರಕ್ಕೆ ಮತ್ತೆ ಶಿಮುರಾ ಹತ್ತಿರ ಹೋಗಿ. ಫುಜಿಫ್ಯಾಬ್ರಿಕ್ 2004ರ ಏಪ್ರಿಲ್‌ನಿಂದ 2005ರ ಫೆಬ್ರವರಿವರೆಗೆ ಋತುವಿಗೊಂದರಂತೆ ನಾಲ್ಕು ಸಿಂಗಲ್, ಅಂದರೆ ಬಿಡಿ ಹಾಡು, ಬಿಟ್ಟಿತು. ಶರತ್ಕಾಲದ್ದು 'ಅಕಾಕೀರೊ ನೊ ಕಿನ್‌ಮೊಕುಸೇ'. ಮೆಲ್ಲಗೆ ಶುರುವಾಗಿ, ಸ್ವಲ್ಪ ಮುಂದೆ ಹೋದ ಮೇಲೆ ಈ ವರ್ಷ ಬೇಸಿಗೆ ತಣ್ಣಗಿತ್ತು, ಅದಕ್ಕೋ ಏನೋ ಕಾಲ ಬೇಗ ಓಡುತ್ತಿದೆ ಅನ್ನುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಆ ಘಮ ಮೂಗಿಗೆ ಬಡಿದಾಗ ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುತ್ತದೆ. ಹಾಡಿನ ವೇಗವೂ ಹೆಚ್ಚುತ್ತದೆ. ಯಾರನ್ನು ನೆನೆದು ಎದೆ ಹೊಡೆದುಕೊಂಡಿತು ಅಂತ ಹೆಸರು ಹೇಳುವುದಿಲ್ಲ. ಕಿನೊಕೊ ತೇಕೊಕು ತಂಡದ 'ಕಿನ್‌ಮೊಕುಸೇ ನೊ ಯೊರು', 2018, ಅದೇ ಘಮದ ರಾತ್ರಿಯ ಹಾಡು. ಎರಡನ್ನೂ ಒಂದೇ ವಾರ ಕೇಳಿ ನೋಡಿ.

ಹೊಸಬರ ಬಗ್ಗೆಯೂ ಒಂದೆರಡು ಮಾತು, ಏಕೆಂದರೆ ನಿಮ್ಮ ವಯಸ್ಸಿನ ಸಹೋದ್ಯೋಗಿಗಳು ಕೇಳುವುದು ಇವರನ್ನು. ದಾಒಕೊ ಮತ್ತು ಯೊನೆಜು ಕೆನ್‌ಶಿ ಸೇರಿ ಹಾಡಿದ 'ಉಚಿಯಾಗೆ ಹನಾಬಿ', 2017, ಎಲ್ಲರಿಗೂ ಗೊತ್ತು. ಯೊರುಶಿಕಾ ಜೋಡಿ ಬೇಸಿಗೆಯ ನೆನಪನ್ನೇ ಕಸುಬು ಮಾಡಿಕೊಂಡ ಹಾಗಿದೆ, 'ಹನಾ ನಿ ಬೋರೇ'ಯಿಂದ ಹಿಡಿಯಿರಿ. ಐಮ್ಯೊನ್ ಅವರ 'ಮಾರಿಗೋಲ್ಡ್', 2018ರ ಆಗಸ್ಟ್. ಹುಲ್ಲಿನ ಟೋಪಿ ಹಾಕಿದ ಹುಡುಗಿ ಓಲಾಡುವ ಚೆಂಡು ಹೂವಿನ ಹಾಗೆ ಕಂಡಳು ಅನ್ನುವ ಹಾಡು. ನಮಗೆ ಚೆಂಡು ಹೂ ಅಂದರೆ ಆಯುಧಪೂಜೆ, ಬಾಗಿಲ ತೋರಣ. ಅವರಿಗೆ ಬೇಸಿಗೆಯ ಹೂ. ಮೊದಲ ದಸರಾಕ್ಕೆ ಊರಿನಿಂದ ದೂರ ಇರುತ್ತೀರಲ್ಲ, ಈ ಹಾಡು ನಿಮಗೆ ಅವರಿಗಿಂತ ಬೇರೆಯಾಗಿಯೇ ಕೇಳಿಸುತ್ತದೆ.

ಕೊನೆಗೆ ಕರಾವೋಕೆ. ಹಲವು ವಯಸ್ಸಿನವರು ಇರುವ ಆಫೀಸಿನ ಗುಂಪಿಗೆ ನನ್ನ ಆಯ್ಕೆ 'ಶೋನೆನ್ ಜಿದಾಯ್'. ನಿಧಾನದ ಹಾಡು, ಸಾಲಿಗೆ ಪದ ಕಡಿಮೆ, ದೊಡ್ಡವರಿಗೂ ಚಿಕ್ಕವರಿಗೂ ಗೊತ್ತು. ಶಾಲೆಯ ಪುಸ್ತಕದಲ್ಲೂ ಬಂದಿರುವುದರಿಂದ ನೀವು ಎಡವಿದರೆ ಪಕ್ಕದವರು ಎತ್ತಿಕೊಳ್ಳುತ್ತಾರೆ. ನಿಮ್ಮ ವಯಸ್ಸಿನವರೇ ಇದ್ದರೆ 'ಸೀಕ್ರೆಟ್ ಬೇಸ್', ಯಾರಾದರೂ ಒಬ್ಬರು ದನಿ ಸೇರಿಸುತ್ತಾರೆ. 'ವಕಮೊನೊ ನೊ ಸುಬೆತೆ' ಮೊದಲ ಸಲಕ್ಕೆ ಬೇಡ. ಏರಿಳಿತ ಕಡಿಮೆ ಇರುವ ಹಾಡನ್ನು ಕೊನೆಯವರೆಗೆ ಹಿಡಿದು ನಿಲ್ಲಿಸುವುದು ಕೇಳಿದಷ್ಟು ಸುಲಭವಲ್ಲ.

ಅಲ್ಲಿ ಡ್ಯಾಮ್ ಮತ್ತು ಜಾಯ್‌ಸೌಂಡ್ ಅಂತ ಎರಡು ಯಂತ್ರಗಳು ಎಲ್ಲ ಕಡೆ ಇರುತ್ತವೆ. ಹಾಡು ಹುಡುಕುವ ಟ್ಯಾಬ್ಲೆಟ್‌ನಲ್ಲೇ ಶ್ರುತಿ ಏರಿಸುವ, ಇಳಿಸುವ ಬಟನ್ ಇದೆ. ಯೋಸುಯಿ ಅವರದು ಗಂಡಸಿನ ಶ್ರುತಿ, ಹಾಡು ಶುರುವಾಗುವ ಮೊದಲೇ ನಿಮಗೆ ಹೊಂದುವ ಹಾಗೆ ಬದಲಿಸಿಕೊಳ್ಳಿ, ಅಲ್ಲಿ ಎಲ್ಲರೂ ಮಾಡುವ ಕೆಲಸವೇ. ಪರದೆಯ ಮೇಲೆ ಕಾಂಜಿ, ಅಂದರೆ ಚೀನಿ ಮೂಲದ ಅಕ್ಷರಗಳ ತಲೆಯ ಮೇಲೆ ಸಣ್ಣದಾಗಿ ಹಿರಗಾನ ಅನ್ನುವ ಸುಲಭದ ಲಿಪಿಯಲ್ಲಿ ಉಚ್ಚಾರ ಬರುತ್ತದೆ, ಓದಲು ಹೆದರಬೇಡಿ. ಸಂಗೀತ ಕಲಿತವರಿಗೆ ಇನ್ನೊಂದು ಕಿವಿಮಾತು: ಗಮಕ ಹಾಕಬೇಡಿ. ನಮ್ಮ ಗಂಟಲು ತಾನಾಗಿ ಸ್ವರವನ್ನು ತೂಗಲು ಹೋಗುತ್ತದೆ. ಈ ಹಾಡಿನಲ್ಲಿ ಸ್ವರವನ್ನು ನೆಟ್ಟಗೆ ಹಿಡಿದು, ಸಾಲಿನ ಕೊನೆಯಲ್ಲಿ ಉಸಿರನ್ನು ಸ್ವಲ್ಪ ಬೇಗ ಬಿಟ್ಟುಬಿಡಬೇಕು. ಹೊರಡುವ ಮೊದಲು ಮನೆಯಲ್ಲಿ ತಂಬೂರಿ ಶ್ರುತಿ ಇಟ್ಟುಕೊಂಡು, ಪಲ್ಲವಿಯನ್ನು ಗಮಕವಿಲ್ಲದೆ ನಾಲ್ಕಾರು ಸಲ ಹಾಡಿ ನೋಡಿ.